ಸಹಾಯ ಬೇಕು: ಬಂಡಲ್ ಬಿಚ್ಚುವಾಗ ಕಡತ ಫೋಲ್ಡರಿನಾಚೆ ಬೀಳುತ್ತಿದೆ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿದ್ದುಕೊಂಡು, ವೆಬ್‌ಪ್ಯಾಕ್ ಬಂಡಲನ್ನು (ಹಲವು ಜಾವಾಸ್ಕ್ರಿಪ್ಟ್ ಮಾಡ್ಯೂಲುಗಳನ್ನು, ಅಂದರೆ ಕೋಡಿನ ಭಾಗಗಳನ್ನು, ಒಟ್ಟುಗೂಡಿಸಿದ ಕಡತ) ಬಿಚ್ಚಿ ಬಿಡಿ ಕಡತಗಳಾಗಿ ಉಳಿಸುವ ಪುಟ್ಟ ತಂತ್ರಾಂಶವನ್ನು ನೋಡ್.ಜೆಎಸ್‌ನಲ್ಲಿ ಬರೆಯುತ್ತಿದ್ದೇನೆ. ಮಾಡ್ಯೂಲಿನ ಹೆಸರನ್ನೇ ಕಡತಕ್ಕೂ ಇಟ್ಟಿದ್ದೆ. ಹೆಸರಿನಲ್ಲಿ ‘../../’ (ಎರಡು ಹಂತ ಮೇಲಿನ ಫೋಲ್ಡರಿಗೆ ಹೋಗು ಎಂಬ ಗುರುತು) ಸೇರಿಸಿ ಪರೀಕ್ಷಿಸಿದಾಗ ಕಡತ ಫೋಲ್ಡರನ್ನೇ ದಾಟಿ ಹೊರಗೆ ಬಿತ್ತು. ಎದೆ ಧಸಕ್ಕೆಂದಿತು! ಅಪರಿಚಿತ ಕೋಡನ್ನು ಓಡಿಸದೆ ಬರೀ ಬಿಚ್ಚಿದರೂ ಅಪಾಯವಿದೆ. ಇಂಥದ್ದೇ ಬಂಡಲ್ ಬಿಚ್ಚುವ ವೆಬ್‌ಕ್ರ್ಯಾಕ್ ಎಂಬ ತಂತ್ರಾಂಶದಲ್ಲೂ 2024ರಲ್ಲಿ, ವಿಂಡೋಸ್ ಮೇಲೆ, ಇಂಥದ್ದೇ ದೋಷ ಸಿಕ್ಕಿತ್ತು, 2.14.1ನೇ ಆವೃತ್ತಿಯಲ್ಲಿ ಸರಿಪಡಿಸಿದರು.

ಈಗ ‘ಪಾತ್.ರಿಸಾಲ್ವ್’ ಬಳಸಿ ಕಡತದ ಪೂರ್ಣ ವಿಳಾಸ ಪಡೆದು, ಅದು ಫೋಲ್ಡರಿನ ವಿಳಾಸದಿಂದಲೇ ಆರಂಭವಾಗುತ್ತದೆಯೇ ಎಂದು ನೋಡುತ್ತೇನೆ. ‘ಔಟ್’ಗೆ ‘ಔಟ್-ಹಳೆಯದು’ ಕೂಡ ಹೊಂದಿಕೊಳ್ಳುವುದರಿಂದ ಫೋಲ್ಡರಿನ ವಿಳಾಸದ ತುದಿಗೆ ‘ಪಾತ್.ಸೆಪ್’ (ವಿಳಾಸದ ಭಾಗಗಳನ್ನು ಬೇರ್ಪಡಿಸುವ ಓರೆಗೆರೆ) ಸೇರಿಸಿದ್ದೇನೆ. ಲಿನಕ್ಸ್‌ನಲ್ಲಿ ಇದು ಸಾಕಾಗಿದೆ. ವಿಂಡೋಸ್‌ನ ‘..\’ ಮತ್ತು ಬೇರೆ ಡ್ರೈವ್ ಅಕ್ಷರಗಳನ್ನು ಪರೀಕ್ಷಿಸಲು ನನ್ನ ಬಳಿ ಆ ಗಣಕವಿಲ್ಲ. ತುಮಕೂರಿನ ಆಸುಪಾಸಿನಲ್ಲಿ ವಿಂಡೋಸ್ ಇರುವವರು ಯಾರಾದರೂ ಒಮ್ಮೆ ಓಡಿಸಿ ನೋಡುತ್ತೀರಾ? ಸಾಂಕೇತಿಕ ಕೊಂಡಿಗಳನ್ನು (ಬೇರೆ ಕಡತ ಅಥವಾ ಫೋಲ್ಡರಿನತ್ತ ಕರೆದೊಯ್ಯುವ ಸಿಮ್‌ಲಿಂಕ್‌ಗಳು) ಹೇಗೆ ತಡೆಯಬೇಕೆಂದೂ ಬಲ್ಲವರು ದಯವಿಟ್ಟು ತಿಳಿಸಿ.