ಮೊಂತಿ ಹಬ್ಬಕ್ಕೆ ಕಟ್ಟಡದ ಮಕ್ಕಳನ್ನು ಕರೆದಿದ್ದೇನೆ: ಹೇಗೆ ನಡೆಸಲಿ?

ಪ್ರಶ್ನೆ (ಬೊರಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ನಾವು ಬಂಟ್ವಾಳದ ಕಡೆಯವರು. ಮುಂಬಯಿಗೆ ಬಂದು 11 ವರ್ಷಗಳಾದವು. ಸೆಪ್ಟೆಂಬರ್ 8ರಂದು ನಾವು ಕರಾವಳಿಯ ಕ್ರೈಸ್ತರು ಆಚರಿಸುವ ಮೊಂತಿ ಹಬ್ಬದ ಸಂಜೆ ನಮ್ಮ ಕಟ್ಟಡದ 14 ಮಕ್ಕಳನ್ನು ಮನೆಗೆ ಕರೆದಿದ್ದೇನೆ. ಕ್ರೈಸ್ತ ಮನೆಯವರು ನಾಲ್ವರು ಮಾತ್ರ; ಉಳಿದವರು ಮರಾಠಿ, ಗುಜರಾತಿ ಮನೆಯ ಮಕ್ಕಳು, ಅವರಲ್ಲಿ ಇಬ್ಬರು ಜೈನರು. ಮಾತೆ ಮರಿಯಮ್ಮನವರ ಹುಟ್ಟುಹಬ್ಬವೇ ಆದ್ದರಿಂದ ಕೇಕು, ಬಲೂನು ತಂದರೆ ಸಾಕೆಂದು ನನ್ನ ಯಜಮಾನರು ಹೇಳುತ್ತಾರೆ. ಆದರೆ ಊರಿನಲ್ಲಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಬೇಲಿ ಬೇಲಿ ಸುತ್ತಿ ಹೂ ಕೊಯ್ದು ಇಗರ್ಜಿಗೆ (ಚರ್ಚಿಗೆ) ಒಯ್ಯುತ್ತಿದ್ದ ನನಗೆ, ಕೇಕು ಕತ್ತರಿಸಿ ಮಕ್ಕಳನ್ನು ಕಳುಹಿಸಿಬಿಡಲು ಮನಸ್ಸೊಪ್ಪುತ್ತಿಲ್ಲ. ಎರಡು ಕೋಣೆಯ ಮನೆಯಲ್ಲಿ ಏನು ಮಾಡಬಹುದು?

ಉತ್ತರ 1 (ಅಂಧೇರಿಯಿಂದ)

ಅಕ್ಕಾ, ಇದು ಹೊಸ ಬೆಳೆಯ ಹಬ್ಬವೂ ಹೌದಲ್ಲ, ಹೊಸ ಭತ್ತದ ತೆನೆಯ ಕೆಲಸವನ್ನು ಮಕ್ಕಳ ಕೈಗೇ ಕೊಡಿ. ಇಗರ್ಜಿಯ ಬೆಳಗಿನ ಬಲಿಪೂಜೆಯಲ್ಲಿ (ಮಾಸ್) ಆಶೀರ್ವದಿಸಿ ಕೊಡುವ ತೆನೆಯಿಂದ, ಪ್ರತಿ ಮಗುವಿಗೂ ಅದರ ಮನೆಯಲ್ಲಿ ಎಷ್ಟು ಮಂದಿಯಿದ್ದಾರೋ ಅಷ್ಟು ಕಾಳು ಎಣಿಸಿ ಕೊಟ್ಟು, ಉಗುರಿನಿಂದ ಹೊಟ್ಟು ಬಿಡಿಸಲು ಹೇಳಿ. ನಾನು ಕಳೆದ ವರ್ಷ ಹೀಗೆ ಮಾಡಿದಾಗ ಆರು ವರ್ಷದ ಹುಡುಗನೊಬ್ಬ ನಾಲಿಗೆ ಹೊರಚಾಚಿಕೊಂಡು ಬಹಳ ಹೊತ್ತು ಒಂದೇ ಕಾಳಿನೊಡನೆ ಗುದ್ದಾಡಿ, ಕೊನೆಗೆ ಎರಡು ತುಂಡಾಗಿ ಹೊರಬಂದ ಅಕ್ಕಿಯನ್ನು "ಇದು ಅಜ್ಜಿಗೆ, ಅವಳಿಗೆ ಹಲ್ಲಿಲ್ಲ" ಎಂದು ಬೇರೆಯಿಟ್ಟ. ಆ ಅಕ್ಕಿಯನ್ನು ಕುಟ್ಟಿ, ತೆಂಗಿನ ಹಾಲು ಮತ್ತು ಬೆಲ್ಲದ ಪಾಯಸಕ್ಕೆ ಬೆರೆಸಿದರೆ ಹೊಸ ಅಕ್ಕಿಯ ಊಟವಾದಂತೆಯೇ. ಆಶೀರ್ವದಿಸಿದ ತೆನೆಯೆಂಬುದನ್ನು ಮಾತ್ರ ಪೋಷಕರಿಗೆ ಮುಂಚಿತವಾಗಿ ತಿಳಿಸಿ. ಕರಾವಳಿಯ ಹಿಂದೂ ಮನೆಗಳಲ್ಲಿಯೂ ತೆನೆ ಕಟ್ಟುವ ಪದ್ಧತಿಯಿದೆ, ಆದರೆ ಗುಜರಾತಿನವರಿಗೆ ಅದು ಹೊಸದಾಗಿರಬಹುದು.

ಉತ್ತರ 2 (ಮೀರಾ ರೋಡಿನಿಂದ)

ಈ ಹಬ್ಬದ ಊಟ ಸಸ್ಯಾಹಾರವಾಗಿರುವುದು ನಿಮಗೆ ದೊಡ್ಡ ಅನುಕೂಲ. ಪಲ್ಯ, ಸಾರುಗಳ ಲೆಕ್ಕ ಬೆಸವಾಗಿರಬೇಕೆಂಬುದು ಸಂಪ್ರದಾಯ. ಏಳು, ಒಂಬತ್ತರ ಹಟ ಬಿಡಿ, ಮಕ್ಕಳಿಗೆ ಐದೇ ಹೆಚ್ಚು. ಬೆಂಡೆ, ಹೀರೆ, ಸೌತೆ, ಅಲಸಂಡೆಗಳನ್ನು ಈರುಳ್ಳಿ, ಬೆಳ್ಳುಳ್ಳಿಯಿಲ್ಲದೆ ಮಾಡಿ. ಕೆಸುವಿನ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಇಲ್ಲಿಯ ಮಾರುಕಟ್ಟೆಯಲ್ಲಿ ಅಳೂ ಎಂದು ಕೇಳಿದರೆ ದಂಟೂ ಎಲೆಯೂ ಸಿಗುತ್ತವೆ, ಆದರೆ ಊರಿನ ಅಂಬಟೆಕಾಯಿ ಸಿಗಲಿಲ್ಲವೆಂದು ನಾನೊಮ್ಮೆ ಹುಳಿಯನ್ನೇ ಹಾಕದೆ ಬೇಯಿಸಿ, ಮೂರು ಮಕ್ಕಳು ಗಂಟಲು ತುರಿಸಿ ಅಳುವಂತೆ ಮಾಡಿದ್ದೆ. ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ತುರಿಕೆಗೆ ಕಾರಣ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು. ಅಲ್ಲದೆ, ಚಾತುರ್ಮಾಸದಲ್ಲಿ ಅನೇಕ ಜೈನರು ಸೊಪ್ಪು ತಿನ್ನುವುದಿಲ್ಲ, ಕೆಲವರು ಸೂರ್ಯಾಸ್ತದ ಬಳಿಕ ಊಟವನ್ನೇ ಮಾಡುವುದಿಲ್ಲ. ಆ ದಿನಗಳಲ್ಲಿ ಇಲ್ಲಿ 6:45ರ ಸುಮಾರಿಗೆ ಸೂರ್ಯ ಮುಳುಗುವುದರಿಂದ, ಮಕ್ಕಳನ್ನು ನಾಲ್ಕು ಗಂಟೆಗೇ ಕರೆದು ಆರರೊಳಗೆ ಎಲೆ ಹಾಕಿಬಿಡಿ.

ಉತ್ತರ 3 (ಬಾಂದ್ರಾದಿಂದ)

ಕೇಕಿನ ಮೇಲೆ ಇಷ್ಟು ಮುನಿಸು ಬೇಡ. ಹುಟ್ಟುಹಬ್ಬವೆಂದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ಬಾಲೆ ಮರಿಯಮ್ಮನ ಪುಟ್ಟ ಪ್ರತಿಮೆಯನ್ನು ತಗ್ಗಿನ ಮೇಜಿನ ಮೇಲಿಟ್ಟು, ಪ್ರತಿ ಮಗುವೂ ಹೂ ಹಾಕಲಿ. ಗಣಪತಿ ಹಬ್ಬ ಆಸುಪಾಸಿನಲ್ಲಿ ಬಂದರೆ ದಾದರಿನ ಹೂಮಾರುಕಟ್ಟೆಯಲ್ಲಿ ಬೆಲೆ ಏರುತ್ತದೆ, ಆದ್ದರಿಂದ ಮಕ್ಕಳೇ ಮನೆಯ ಕುಂಡದಿಂದ ಒಂದೊಂದು ಹೂ ತರಲೆಂದು ಹೇಳಿ. ಟೈಲ್ಸಿನ ನೆಲದಲ್ಲಿ ಎಸಳು ಜಾರುತ್ತದೆ, ಕೆಳಗೊಂದು ಚಾಪೆ ಹಾಸಿ. ಈ ಹಬ್ಬದಲ್ಲಿ ಮಕ್ಕಳಿಗೆ ಹಂಚುವ ಕಬ್ಬನ್ನು ರಸದ ಗಾಡಿಯವನಿಂದ ಸಿಪ್ಪೆ ತೆಗೆಸಿ, ಗೆಣ್ಣು ಬಿಟ್ಟು, ಬೆರಳುದ್ದ ತುಂಡು ಮಾಡಿಸಿ. ಎಳೆಯ ಮಕ್ಕಳಿಗೆ ಕೊಡಲೇಬೇಡಿ. 8ರ ನಂತರದ ಭಾನುವಾರ ನಮ್ಮ ಮೌಂಟ್ ಮೇರಿ ಇಗರ್ಜಿಯ ಬೆಟ್ಟದಲ್ಲಿ ವಾರವಿಡೀ ನಡೆಯುವ ಜಾತ್ರೆ ಆರಂಭವಾಗುತ್ತದೆ. 14 ಮಕ್ಕಳನ್ನು ಆ ಜನಜಂಗುಳಿಗೆ ಕರೆತರುವ ಯೋಚನೆಯಿದ್ದರೆ ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರು

ಸೂರ್ಯಾಸ್ತದ ವಿಚಾರ ನನಗೆ ಹೊಳೆದೇ ಇರಲಿಲ್ಲ, ಕೃತಜ್ಞತೆಗಳು. ನಾಲ್ಕು ಗಂಟೆಗೆ ಬರಹೇಳಿದ್ದೇನೆ. ಕೆಸುವಿನ ಬದಲು ಹಾಗಲಕಾಯಿ. ಮೊಟ್ಟೆಯಿಲ್ಲದ ಸಣ್ಣ ಕೇಕು ತರಲು ಯಜಮಾನರಿಗೆ ಒಪ್ಪಿಗೆ ಕೊಟ್ಟಿದ್ದೇನೆ, ಆದರೆ ಅದು ಪಾಯಸದ ನಂತರವೇ.