ಅಯಾನೀಕರಣವೋ, ಅಯಾನೀಭವನವೋ? ಜೊತೆಗೆ ‘ನಿಯತಾಂಕ’ದ ತೊಡಕು

ಎಲ್ಲರಿಗೂ ನಮಸ್ಕಾರ.

ಪುಣೆಯ ನಮ್ಮ ಕನ್ನಡ ಬಳಗದ ಮಕ್ಕಳಿಗಾಗಿ ನೀಹಾರಿಕೆಗಳ (ಬಾಹ್ಯಾಕಾಶದ ಅನಿಲ, ಧೂಳಿನ ಮೋಡಗಳ) ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಕರಡನ್ನು ಪಕ್ಕದ ಮನೆಯ ಹತ್ತನೆಯ ತರಗತಿಯ ಹುಡುಗಿಗೆ ಓದಲು ಕೊಟ್ಟೆ. ಮನೆಯಲ್ಲಿ ಧಾರವಾಡದ ಕನ್ನಡ, ಶಾಲೆಯಲ್ಲಿ ಮರಾಠಿ. ಒರಾಯನ್ ನೀಹಾರಿಕೆಯ ಅನಿಲ ಸುಮಾರು 10,000 ಕೆಲ್ವಿನ್ ಬಿಸಿ, ಅಲ್ಲಿ ಓಡಾಡುವ ಎಲೆಕ್ಟ್ರಾನಿನ ಸರಾಸರಿ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು, ಹೈಡ್ರೋಜನ್ನಿನಿಂದ ಎಲೆಕ್ಟ್ರಾನನ್ನು ಕೀಳಲು ಬೇಕಾದದ್ದು 13.6 ಎಂದು ಬರೆದಿದ್ದೆ. ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: “ಕಾಕಾ, ಡಿಕ್ಕಿ ಹೊಡದು ಕೀಳಾಕ ಶಕ್ತಿ ಸಾಲೂದಿಲ್ಲ ಅಂದಮ್ಯಾಲ ಅದನ್ನ ಕಿತ್ತವರು ಯಾರು?”

ಕಿತ್ತದ್ದು ಬೆಳಕು, ನಡುವಿನ ಬಿಸಿ ನಕ್ಷತ್ರಗಳ ಅತಿನೇರಳೆ ಬೆಳಕು. ಹೀಗೆ ಪರಮಾಣು ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನಾಗುವುದಕ್ಕೆ, ಕಿತ್ತದ್ದು ಯಾರೇ ಆಗಲಿ, ನನ್ನ ಬರಹದಲ್ಲಿ ಎಲ್ಲ ಕಡೆಯೂ ಬರೀ ‘ಅಯಾನೀಕರಣ’. ಮರಾಠಿಯಲ್ಲಿ ‘ಆಯನೀಭವನ’ ಅನ್ನುತ್ತಾರೆ. ಕರಣವೆಂದರೆ ಮಾಡುವುದು, ಭವನವೆಂದರೆ ಆಗುವುದು. ‘ಘನೀಭವಿಸು’ ನಮ್ಮಲ್ಲೂ ಇದೆ. ತನ್ನ ಕಾವಿನಿಂದಲೇ ಆದರೆ ಭವನ, ಹೊರಗಿನ ಬೆಳಕು ಮಾಡಿದರೆ ಕರಣ ಎಂದು ಹಂಚಿಬಿಡೋಣ ಅನ್ನಿಸಿತ್ತು. ಆದರೆ ಕಾವಿನಲ್ಲೂ ಡಿಕ್ಕಿ ಹೊಡೆಯುವ ಎಲೆಕ್ಟ್ರಾನು ಇದ್ದೇ ಇದೆಯಲ್ಲ. ಹಾಗಾಗಿ ಮಾಡಿದವರ ಹೆಸರನ್ನೇ ಮುಂದಿಡುವುದು ಸರಿ: ಡಿಕ್ಕಿ ಅಯಾನೀಕರಣ, ದ್ಯುತಿ ಅಯಾನೀಕರಣ.

ಈ ಭೇದ ಬರೀ ಮಾತಿನದಲ್ಲ. ಭೌತವಿಜ್ಞಾನಿ ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣ ಉಷ್ಣ ಸಮತೋಲದಲ್ಲಿರುವ ಅನಿಲದ್ದು. ತಾಪ, ಸಾಂದ್ರತೆ ತಿಳಿದರೆ ಎಷ್ಟು ಪರಮಾಣು ಅಯಾನಾಗಿವೆ ಎಂದು ಹೇಳುತ್ತದೆ. ಕಪ್ಪುಕುಳಿಯ ಬಳಿ ಕ್ಷ-ಕಿರಣಕ್ಕೆ ಮೈಯೊಡ್ಡಿದ ಅನಿಲದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿನ ಕಬ್ಬಿಣ ತನ್ನ ತಾಪಕ್ಕೆ ಮೀರಿ ಎಲೆಕ್ಟ್ರಾನುಗಳನ್ನು ಕಳೆದುಕೊಂಡಿರುತ್ತದೆ. ಇಂಥ ಅನಿಲದ ಗಣಿತ ಮಾದರಿ ಕಟ್ಟುವವರು ಒಂದೊಂದು ಅಯಾನಿಗೂ ಬೆಳಕು ಸೆಕೆಂಡಿಗೆ ಎಷ್ಟು ಕೀಳುತ್ತದೆ, ಎಷ್ಟು ಎಲೆಕ್ಟ್ರಾನು ಮರಳಿ ಕೂಡುತ್ತವೆ ಎಂದು ತೂಗಬೇಕು. ಒಳಹೊಕ್ಕಂತೆ ಅನಿಲ ಬೆಳಕನ್ನು ಹೀರಿಕೊಳ್ಳುವುದರಿಂದ ಪದರ ಪದರವಾಗಿ ಮತ್ತೆ ತೂಗಬೇಕು. ಖಗೋಳವಿಜ್ಞಾನಿ ಗ್ಯಾರಿ ಫರ್ಲ್ಯಾಂಡ್ 1978ರಲ್ಲಿ ಕೇಂಬ್ರಿಜ್‌ನಲ್ಲಿ ಬರೆಯತೊಡಗಿದ ‘ಕ್ಲೌಡಿ’ ಎಂಬ ಪ್ರೋಗ್ರಾಂ ಈ ಕೆಲಸದ್ದೇ.

‘ದ್ಯುತಿ’ಯ ಜಾಗದಲ್ಲಿ ಬರಬಹುದಾಗಿದ್ದ ‘ವಿಕಿರಣ’ವನ್ನು ಬೇಕೆಂದೇ ಬಿಟ್ಟೆ. ಆ ಪದ ಕಿವಿಗೆ ಬಿದ್ದೊಡನೆ ನಮ್ಮ ಜನಕ್ಕೆ ಕೈಗಾ ನೆನಪಾಗುತ್ತದೆ. ‘ದ್ಯುತಿ’ ಆದರೆ ದ್ಯುತಿಸಂಶ್ಲೇಷಣೆಯಿಂದ ಮಕ್ಕಳಿಗೆ ಪರಿಚಿತ. ಎಲೆಕ್ಟ್ರಾನು ಅಯಾನಿಗೆ ಮರಳಿ ಕೂಡುವುದಕ್ಕೆ ‘ಮರುಸಂಯೋಗ’ ಎಂಬ ಪದವೂ ಒಪ್ಪಿಗೆಯಾಗಲಿಲ್ಲ, ಹೋದ ಎಲೆಕ್ಟ್ರಾನೇ ಮನೆಗೆ ಬಂದಂತೆ ಕೇಳಿಸುತ್ತದೆ, ನಿಜದಲ್ಲಿ ಅಲೆಯುವ ಯಾವುದೋ ಒಂದು ಬಂದು ಸೇರುತ್ತದೆ. ‘ಕೂಡಿಕೆ’ ಸಾಕು.

ನಿಜವಾಗಿ ಕಾಡುತ್ತಿರುವುದು ‘ಅಯಾನೀಕರಣ ನಿಯತಾಂಕ’ (ನಿಯತಾಂಕ ಅಂದರೆ ಇಂಗ್ಲಿಷಿನ ಪ್ಯಾರಾಮೀಟರ್). 1969ರಲ್ಲಿ ಟಾರ್ಟರ್, ಟಕರ್, ಸಾಲ್ಪೀಟರ್ ಎಂಬ ವಿಜ್ಞಾನಿಗಳು ಬಳಸಿದ ಅಳತೆ ಇದು: ಬೆಳಕಿನ ಮೂಲದ ಪ್ರಕಾಶಶಕ್ತಿಯನ್ನು ಅನಿಲದ ಸಾಂದ್ರತೆಯಿಂದಲೂ ದೂರದ ವರ್ಗದಿಂದಲೂ ಭಾಗಿಸಿದರೆ ಸಿಗುವುದು. ಸಾಂದ್ರತೆ ಬದಲಾಗದೆ ದೂರ ಹತ್ತುಪಟ್ಟಾದರೆ ಇದು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಇಷ್ಟು ಏರಿಳಿಯುವುದನ್ನು ‘ನಿಯತ’ ಅಂತ ಕರೆದರೆ ಮಕ್ಕಳು ಅದನ್ನು ಸ್ಥಿರಾಂಕವೆಂದೇ ತಿಳಿಯುತ್ತಾರೆ. ‘ಅಯಾನೀಕರಣ ಮಾನ’ ಎಂದು ಬರೆದುಕೊಂಡಿದ್ದೇನೆ. ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಕನ್ನಡದಲ್ಲೇ ಪಾಠ ಮಾಡುವವರು ಯಾರಾದರೂ ಇದ್ದರೆ, ತರಗತಿಯಲ್ಲಿ ಇದಕ್ಕೆ ಬಾಯಿಂದ ಏನು ಹೇಳುತ್ತೀರಿ?