ಸಹಾಯ ಬೇಕು: ಹೆಲ್ವೆಟಿಯರ ಗಾಡಿ ಲೆಕ್ಕ

ಕ್ರಿ.ಪೂ. 58ರಲ್ಲಿ ಹೆಲ್ವೆಟಿಯರು ಎಂಬ ಕೆಲ್ಟಿಕ್ ಕುಲದವರು ತಮ್ಮ ಸುಮಾರು 12 ಪಟ್ಟಣ, 400 ಹಳ್ಳಿಗಳಿಗೆ ತಾವೇ ಬೆಂಕಿಯಿಟ್ಟು ಈಗಿನ ಸ್ವಿಟ್ಜರ್ಲೆಂಡಿನಿಂದ ಗುಳೆ ಹೊರಟರು. ಜೊತೆಯ ಕುಲಗಳೂ ಸೇರಿ 3,68,000 ಜನ. ಈಗಿನ ಫ್ರಾನ್ಸಿನ ಬಿಬ್ರಾಕ್ಟೆ ಬಳಿ ಸೋತು ಊರಿಗೆ ಮರಳಿದವರು 1,10,000 ಎನ್ನುತ್ತಾನೆ ಅವರನ್ನು ಸೋಲಿಸಿದ ರೋಮನ್ ಸೇನಾಪತಿ ಸೀಸರ್. (ಗೆದ್ದವನ ಲೆಕ್ಕ, ನೆನಪಿರಲಿ.)

ತಲಾ 3 ತಿಂಗಳ ಹಿಟ್ಟು ಒಯ್ದರಂತೆ. ದಿನಕ್ಕೆ ಮುಕ್ಕಾಲು ಕಿಲೋ ಹಿಡಿದರೂ ಸುಮಾರು 25,000 ಟನ್. ಗಾಡಿಗೆ ಅರ್ಧ ಟನ್ನಿನಂತೆ 50,000 ಗಾಡಿ. ಒಂದಕ್ಕೆ 10 ಮೀಟರ್ ಜಾಗ ಬಿಟ್ಟರೆ ಸಾಲು 500 ಕಿ.ಮೀ.! ಜೂರಾ ಬೆಟ್ಟಕ್ಕೂ ರೋನ್ ನದಿಗೂ ನಡುವಿನ ದಾರಿಯಲ್ಲೋ ಒಂದೊಂದೇ ಗಾಡಿ ಹಾಯಬೇಕು. ಜನಸಂಖ್ಯೆ ಉಬ್ಬಿಸಿದ್ದೆಂದೇ ನನ್ನ ಅನುಮಾನ.

ಎತ್ತಿನ ಗಾಡಿ ಹೊಡೆದು ಗೊತ್ತಿರುವವರು ದಯವಿಟ್ಟು ಹೇಳಿ: ಕಬ್ಬಿಣದ ಪಟ್ಟಿಯ ಮರದ ಗಾಲಿ, ಕೆಸರಿನ ಏರುದಾರಿ, ಜೋಡೆತ್ತು ಆದರೆ ಎಷ್ಟು ಹೇರಬಹುದು? ದಿನಕ್ಕೆ ಎಷ್ಟು ದೂರ? ಮೇಯಲು ಎಷ್ಟು ಹೊತ್ತು ಬಿಡಬೇಕು?